ನಮ್ಮ ಮನೆಯವರು ಎಂಬ ಫೋಲ್ಡರ್

ಗಂಡ ಹೆಂಡತಿಯ ನಡುವೆ ಒಂದಿಷ್ಟು ಜಾಗ ಇರಬೇಕು, ಆಗಲೇ ಪ್ರೀತಿ ಬಾಳಿಕೆ ಬರುತ್ತದೆ ಎಂದು ತಿಳಿದವರು ಹೇಳುವುದುಂಟು. ಹಾಗೆ ಹೇಳುವವರೆಲ್ಲ ರಾತ್ರಿ ಒಂದೇ ಮನೆಯಲ್ಲಿ ಕೂತು ಊಟ ಮಾಡುವವರು ಎಂಬುದು ನನ್ನ ಗುಮಾನಿ. ನನ್ನ ಮತ್ತು ಶ್ರೀಲತಾಳ ನಡುವೆ ಇದ್ದ ಜಾಗವೆಂದರೆ ಮಧುಗಿರಿಯಿಂದ ಪಾವಗಡದವರೆಗೆ. ಮದುವೆಯಾದ ಮೇಲೂ ನಾನು ಮಧುಗಿರಿಯಲ್ಲಿ ಜಮೀನಿನ ನಕ್ಷೆ ತಯಾರಿಸುವ ಕಚೇರಿಯಲ್ಲೇ ಉಳಿದೆ. ಅವಳು ಪಾವಗಡದ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲೇ ತನ್ನ ಅಜ್ಜಿಯ ಜೊತೆ ವಾಸ. ಆ ಅಜ್ಜಿಯನ್ನು ನಾವಿಬ್ಬರೂ ಅವ್ವ ಎನ್ನುತ್ತೇವೆ. "ಅದೇನು ದುಬೈಯೇ? ದಿನಾ ಬಸ್ಸಿನಲ್ಲಿ ಓಡಾಡಬಹುದಲ್ಲ" ಎನ್ನುವವರಿಗೆ ನಾನು ಡೈರಿ ತೆಗೆದು ತೋರಿಸುತ್ತಿದ್ದೆ. ಅವಳ ಪಾಳಿಯನ್ನು ಹಸಿರು ಶಾಯಿಯಲ್ಲಿ, ನನ್ನ ರಜೆಯನ್ನು ನೀಲಿಯಲ್ಲಿ ಗುರುತು ಮಾಡಿ, ಎರಡೂ ಒಂದೇ ದಿನ ಬಿದ್ದರೆ ಅದಕ್ಕೆ ಕೆಂಪು ಸುತ್ತು ಹಾಕುವುದು ನನ್ನ ಪದ್ಧತಿ. ಹಸಿರು ಪೆನ್ನು, ನೀಲಿ ಪೆನ್ನು ಎಷ್ಟೋ ಸಲ ಹೊಸದು ತಂದೆ. ಕೆಂಪು ಪೆನ್ನು ಮಾತ್ರ ಮದುವೆಯ ವರ್ಷದ್ದೇ ಇನ್ನೂ ಬರೆಯುತ್ತಿತ್ತು.

ಹೀಗಿರುವಾಗ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ನಕ್ಷೆಯ ಕೆಲಸಕ್ಕೆ ಒಬ್ಬರು ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಪಾವಗಡದಲ್ಲಿ ಮನೆ ಮಾಡಿಕೊಂಡು ದಿನಾ ಹೋಗಿಬರಬಹುದಾದ ಜಾಗ. ಪರೀಕ್ಷೆಯೂ ಸರಳ: ಅವರು ಕಳಿಸುವ ಸಾಫ್ಟ್‌ವೇರನ್ನು ನಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅವರು ಕೊಟ್ಟ ಅಳತೆಗೆ ಒಂದು ನಕ್ಷೆ ಮಾಡಿ ಸೋಮವಾರ ಬೆಳಿಗ್ಗೆಯೊಳಗೆ ಕಳಿಸಬೇಕು. ನಕ್ಷೆ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಶುಕ್ರವಾರ ಸಂಜೆ ಬಂದ ಆ ಸಾಫ್ಟ್‌ವೇರು ನನ್ನ ಲ್ಯಾಪ್‌ಟಾಪಿನ ಹೊಸ್ತಿಲು ದಾಟಲು ಒಪ್ಪಲಿಲ್ಲ. ಅರ್ಧದವರೆಗೆ ಬರುವುದು, ಏನೋ ಕೆಂಪಕ್ಷರದಲ್ಲಿ ಗೊಣಗುವುದು, ವಾಪಸು ಹೋಗುವುದು.

ಮೊದಲ ಅನುಮಾನ ನನ್ನ ಮೇಲೆಯೇ ಬಂತು. ನಾನು ಫೈಲುಗಳಿಗೆ ಹೆಸರಿಡುವುದೂ ಡೈರಿ ಬರೆದ ಹಾಗೆಯೇ. 'ಕೊರಟಗೆರೆ ತೋಟ ಮಂಗಳವಾರ ಬಿಸಿಲು ಜಾಸ್ತಿ' ಎಂದು ಒಂದು ನಕ್ಷೆಯ ಹೆಸರು. 'ಗೌಡಗೆರೆ ಕಡ್ಲೆಕಾಯಿ ಹೊಲ ನಾಯಿ ಅಟ್ಟಿಸಿಕೊಂಡು ಬಂತು' ಎಂದು ಇನ್ನೊಂದು. ಓದಿದವರಿಗೆ ಇಡೀ ದಿನವೇ ಕಣ್ಣಮುಂದೆ ಬರುತ್ತದೆ. ಆದರೆ ಕೆಲವು ಸಾಫ್ಟ್‌ವೇರುಗಳಿಗೆ ಎರಡು ಪದಗಳ ನಡುವೆ ಖಾಲಿ ಜಾಗ ಕಂಡರೆ ಫೈಲಿನ ವಿಳಾಸ ಅಲ್ಲಿಗೇ ಮುಗಿಯಿತು ಎನಿಸುತ್ತದಂತೆ. ಕನ್ನಡ ಅಕ್ಷರ ಕಂಡರಂತೂ ಒಂದೊಂದರ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕಣ್ಣು ಕಣ್ಣು ಬಿಡುತ್ತವೆ. ಬೇಸರದಿಂದಲೇ ಎಲ್ಲ ಹೆಸರುಗಳನ್ನೂ ಇಂಗ್ಲಿಷಿಗೆ ತಿರುಗಿಸಿ, ಒಂದಕ್ಕೊಂದು ಅಂಟಿಸಿದೆ. ನಾಯಿ ಹೋಯಿತು, ಬಿಸಿಲು ಹೋಯಿತು. ಸಾಫ್ಟ್‌ವೇರು ಮಾತ್ರ ಒಳಗೆ ಬರಲಿಲ್ಲ.

ಶನಿವಾರ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಶಿರಾ ಬಸ್ಸು ಹತ್ತಿದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಇಮ್ರಾನ್ ನನ್ನ ಕಾಲೇಜಿನ ಗೆಳೆಯ. ಕೆಂಪಕ್ಷರದ ಸಾಲನ್ನು ಅವನು ಬೆರಳಿಟ್ಟು ಓದಿದ. ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ನಕ್ಕ.

"ಅರೆ ಭಾಯ್, ತಪ್ಪು ನಿನ್ ಫೈಲಿಂದಲ್ಲ ಕಣ್ಲಾ. ಈ ಲ್ಯಾಪ್‌ಟಾಪ್ ಓನರ್ ಹೆಸ್ರೇ 'ನಮ್ಮ ಮನೆಯವರು' ಅಂತೈತೆ. ನೀನು ಏನೇ ಇಕ್ಕಿದ್ರೂ ಅದೇ ಹೆಸ್ರಿನ ಫೋಲ್ಡರ್ ಒಳಗೆ ಹೋಗಿ ಕೂತ್ಕಂತೈತೆ. ಕನ್ನಡ ಬೇರೆ, ನಡುವೆ ಜಾಗ ಬೇರೆ. ಯಾರ್ ಮನೆಯೋನ್ಲಾ ನೀನು?"

ನಾನು ಕಿವಿಯವರೆಗೂ ಕೆಂಪಾದೆ. ಆ ಲ್ಯಾಪ್‌ಟಾಪು ಶ್ರೀಲತಾ ತನ್ನ ಸಂಬಳದಲ್ಲಿ ಕೊಂಡು ನನಗೆ ಕೊಟ್ಟದ್ದು. ಕೊಡುವ ಮೊದಲು ತಾನೇ ಎಲ್ಲ ಸಿದ್ಧಮಾಡಿಡೋಣವೆಂದು ಪಾವಗಡದ ಮನೆಯಲ್ಲಿ ಅದನ್ನು ತೆರೆದಿದ್ದಾಳೆ. ಅದು ಮೊಟ್ಟಮೊದಲು ಕೇಳಿದ್ದು ಬಳಸುವವರ ಹೆಸರು. ಪಕ್ಕದಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತ ಅವ್ವ ಕೂತಿದ್ದರು. ಗಂಡನ ಹೆಸರನ್ನು ಹೆಂಡತಿ ಹೇಳಕೂಡದು ಎಂಬುದು ಅವರ ಮನೆಯ ಕಟ್ಟುನಿಟ್ಟು. ಆಸ್ಪತ್ರೆಯಲ್ಲಿ ಊರಿನ ಗಂಡಸರನ್ನೆಲ್ಲ ಹೆಸರು ಹಿಡಿದು ಕೂಗಿ ಸೂಜಿ ಚುಚ್ಚುವ ಶ್ರೀಲತಾ, ನನ್ನ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾಳೆ. "ಹೇಳಲ್ಲ ಅವ್ವ, ಬರೀ ಟೈಪ್ ಮಾಡ್ತೀನಿ" ಎಂದಳಂತೆ. "ಮೊಗುಡಿ ಪೇರಾ!" ಎಂದು ತೆಲುಗಿನಲ್ಲಿ ಗಾಬರಿಯಾಗಿ, "ಬಾಯಲ್ಲಿ ಅಂದ್ರೇನು, ಬೆಳ್ಳಲ್ಲಿ ಒತ್ತಿದ್ರೇನು, ಗಂಡನ ಹೆಸ್ರು ಹೆಸ್ರೇ ಕಣಮ್ಮ" ಎಂದರಂತೆ ಅವ್ವ. ಅವಳು ಅಕ್ಕಪಕ್ಕದವರ ಹತ್ತಿರ ನನ್ನನ್ನು ಏನೆನ್ನುತ್ತಾಳೋ ಅದನ್ನೇ ಹಾಕಿಬಿಟ್ಟಳು. ಅಂದಿನಿಂದ ಪ್ರತಿ ಬೆಳಿಗ್ಗೆ ಮಧುಗಿರಿಯ ನನ್ನ ಒಂಟಿ ಕೋಣೆಯಲ್ಲಿ ಲ್ಯಾಪ್‌ಟಾಪು ತೆರೆದರೆ 'ನಮ್ಮ ಮನೆಯವರು' ಎಂದು ಮೂಡುತ್ತಿತ್ತು. ಯಾರೋ ಬಾಗಿಲಲ್ಲಿ ನಿಂತು ನೋಡಿದ ಹಾಗೆ ಆಗುತ್ತಿತ್ತು. ಎಷ್ಟೋ ದಿನ ಅದನ್ನು ನೋಡಲೆಂದೇ ತೆರೆದು ಮುಚ್ಚಿದ್ದೇನೆ.

ಇಮ್ರಾನ್ ಆ ಹೆಸರನ್ನು ಬದಲಾಯಿಸಿ ನೋಡಿದ. ಪರದೆಯ ಮೇಲೆ ಹೊಸ ಹೆಸರು ಬಂತು, ಒಳಗಿನ ಫೋಲ್ಡರು ಅಲ್ಲಾಡಲಿಲ್ಲ. "ಹೊರಗೆ ಬೋರ್ಡು ಬದಲಾಯ್ತು, ಒಳಗೆ ಮನೆ ಅಂಗೇ ಐತೆ," ಎಂದು ತಲೆ ಕೆರೆದು ಮತ್ತೆ ಹಳೆಯ ಹೆಸರನ್ನೇ ಹಾಕಿದ. "ಒಂದೇ ದಾರಿ. ಬೇರೆ ಹೆಸ್ರಲ್ಲಿ ಹೊಸ ಖಾತೆ ಮಾಡಿ, ಸಾಮಾನೆಲ್ಲ ಅಲ್ಲಿಗೆ ಸಾಗಿಸಿ, ಹಳೇದನ್ನ ಅಳಿಸ್ಬುಡು. ಎಲ್ಡಕ್ಕೂ ಇದ್ರಲ್ಲಿ ಜಾಗ ಇಲ್ಲ. ನಾನೇ ಮಾಡ್ಬುಡ್ಲಾ?"

"ಬೇಡ, ಮನೆಗೆ ಹೋಗಿ ಮಾಡ್ಕೊತೀನಿ."

"ಬೀವಿ ಪರ್ಮಿಷನ್ ಬೇಕೇನಪ್ಪ?" ಎಂದು ಕಣ್ಣು ಹೊಡೆದ.

ಭಾನುವಾರ ಬೆಳಿಗ್ಗೆ ಹೊಸ ಖಾತೆಯ ಚೌಕ ತೆರೆದು ಕೂತೆ. ಅವಳಿದ್ದಲ್ಲಿಗೆ ಹೋಗಬೇಕಾದರೆ ಅವಳು ಇಟ್ಟದ್ದನ್ನು ಅಳಿಸಬೇಕು. ಅಳಿಸದಿದ್ದರೆ ಆ ಎರಡು ಪದ ನೋಡಿಕೊಂಡು ಮಧುಗಿರಿಯಲ್ಲೇ ಇರಬೇಕು. ಕೊನೆಗೆ ಫೋನು ಮಾಡಿ ಎಲ್ಲ ಒಪ್ಪಿಸಿದೆ.

"ಅದಕ್ಯಾಕೆ ಇಷ್ಟು ಸಂಕಟ? ಅಳಿಸ್ಬುಡಿ," ಎಂದಳು. "ನಾನೇನು ಅದ್ರೊಳಗೆ ಕೂತಿದೀನಾ? ಇಲ್ಲಿದೀನಿ. ಬೇಗ ಆ ನಕ್ಷೆ ಕಳ್ಸಿ, ಮನೆ ನೋಡ್ಬೇಕು."

"ಸರಿ. ಹೊಸದಕ್ಕೆ ಏನು ಹಾಕಲಿ? ಇದಕ್ಕೂ ನೀನೇ ಹೇಳು."

"ನಿಮ್ ಹೆಸ್ರೇ ಹಾಕಿ."

"ಅಂದರೆ ಏನು?"

ಆ ಕಡೆ ಅವ್ವ "ಏನಂತೆ ಅವುಂದು?" ಎಂದದ್ದು ಕೇಳಿಸಿತು. "ಏನಿಲ್ಲ ಅವ್ವ" ಎಂದ ಶ್ರೀಲತಾ ದನಿ ತಗ್ಗಿಸಿ, "ಬರ್ಕೊಳ್ಳಿ ಮತ್ತೆ. ಎಂ... ಯು... ಡಿ..." ಎಂದು ಶುರುಮಾಡಿದಳು.

"ಅದೇನೇ ಅದು ಮಂತ್ರ?"

"ಇಂಗ್ಲಿಷ್ ಅಕ್ಸರ ಅವ್ವ."

"ಅಂಗಾ? ಇಂಗ್ಲಿಷಾದ್ರೆ ಹೇಳ್ಕೊ."

ಎ, ಎಲ್, ಎ, ಜಿ, ಐ, ಆರ್, ಐ. ಮೂಡಲಗಿರಿ. ಶಾಲೆಯಲ್ಲಿ ಹಾಜರಿ ಕೂಗುವಾಗ ಹುಡುಗರೆಲ್ಲ ನಗುತ್ತಿದ್ದ, ನನಗೂ ಎಂದೂ ಹಿಡಿಸದ ಹೆಸರು. ಅವಳು ಒಂದೊಂದೇ ಅಕ್ಷರವನ್ನು ಬಿಸಿ ಬಟ್ಟಲು ಇಳಿಸುವ ಹಾಗೆ ಮೆತ್ತಗೆ ಕೆಳಗಿಡುತ್ತಿದ್ದಳು. ಸಿಗ್ನಲ್ಲು ಆ ದಿನ ಚೊಕ್ಕವಾಗಿತ್ತು.

"ಹಲೋ? ಹಲೋ? ಸರಿಯಾಗಿ ಕೇಳಿಸ್ತಿಲ್ಲ," ಎಂದೆ. "ಇನ್ನೊಂದು ಸಲ ಹೇಳು."

ಅವಳು ಮೊದಲಿನಿಂದ ಹೇಳಿದಳು.

ಆ ಸಂಜೆಯೇ ನಕ್ಷೆ ಹೋಯಿತು, ಕೆಲಸವೂ ಸಿಕ್ಕಿತು. ಈಗ ಪಾವಗಡದಲ್ಲಿ ಒಂದೇ ಮನೆ, ಒಂದೇ ಊಟ. ಕೂಗಿದರೆ ಕೇಳುವಷ್ಟು ಹತ್ತಿರ ಇರುವುದರಿಂದ ಅವಳು ನನ್ನನ್ನು ಕೂಗುವುದು ಬರೀ "ರೀ" ಎಂದು. ಕೆಲವು ಬೆಳಿಗ್ಗೆ ನಾನು ಲ್ಯಾಪ್‌ಟಾಪು ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗಿ, ಇದರಲ್ಲಿ ಏನು ಹೆಸರು ಹಾಕಿದ್ದೆವು, ಮರೆತೇ ಹೋಗಿದೆ ನೋಡು, ಎನ್ನುತ್ತೇನೆ. ಅವಳು ತಿರುಗಿಯೂ ನೋಡದೆ, "ತೆಗೆದು ನೋಡ್ಕೊಳ್ಳಿ, ಅದರಲ್ಲೇ ಬರುತ್ತೆ" ಎನ್ನುತ್ತಾಳೆ.