ಪತನವಿಶಾರದ ಪರಂಜ್ಯೋತಿಯ ಜನಶೂನ್ಯ ಸಮರ

ಎಲೈ ಸಹೃದಯರೇ, ಕಡಲೆಕಾಯಿ ಸುಲಿಯುವುದನ್ನು ಒಂದು ಗಳಿಗೆ ನಿಲ್ಲಿಸಿ ಇತ್ತ ಕಿವಿಗೊಡಿರಿ. ಮನುಷ್ಯನು ಮನುಷ್ಯನ ಉಸಿರಿಗೇ ಅಂಜಿ ಮೂಗುಬಾಯಿಗಳಿಗೆ ವಸ್ತ್ರಬಂಧನ ಮಾಡಿಕೊಂಡಿದ್ದ, ಮದುವೆಮನೆಯ ಪುರೋಹಿತರು ಮಾರುದೂರ ನಿಂತು ಅಕ್ಷತೆ ಎಸೆಯುತ್ತಿದ್ದ, ಕೆಮ್ಮಿದವನನ್ನು ನೆಂಟರೂ ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದ ಆ ಮಹಾಮಾರಿಯ ಯುಗದಲ್ಲಿ, ಬೆಂಗಳೂರೆಂಬ ಮಹಾನಗರಿಯ ಹಲಸೂರಿನ ಭಾಗದಲ್ಲಿ, ಕೆರೆಕೋಡಿ ಫುಟ್‌ಬಾಲ್ ಕ್ಲಬ್ಬಿನ ಸ್ವಂತ ಮೈದಾನದಲ್ಲಿ, ಪ್ರೇಕ್ಷಕನೆಂಬ ಒಂದು ನರಪಿಳ್ಳೆಯೂ ಇಲ್ಲದೆ ನಡೆದುಹೋದ ಘೋರ ಸಮರವನ್ನು ಹಾಡಲು ಹೊರಟಿದ್ದೇನೆ. ವಾಗ್ದೇವಿಯೇ, ಬಂದು ನಾಲಗೆಯ ಮೇಲೆ ನೆಲೆಸು. ಮಾಸ್ಕ್ ಹಾಕಿಕೊಂಡಾದರೂ ಬಾ, ತಾಯಿ, ಸಮಾಚಾರ ದೊಡ್ಡದಿದೆ.

ನಮ್ಮ ನಾಯಕನು ಯಾರೆಂದರೆ, ಮಂದಮಾರುತಸ್ಪರ್ಶಮಾತ್ರದಿಂದ ಧರಾಶಾಯಿಯಾಗಬಲ್ಲ ಮಹಾಮಹಿಮನೂ, ಆರ್ತನಾದಚತುರನೂ, ತ್ರಿವಾರಪರಿಭ್ರಮಣಪೂರ್ವಕವಾಗಿ ಹುಲ್ಲಿನ ಮೇಲೆ ಉರುಳುವುದರಲ್ಲಿ ಅದ್ವಿತೀಯನೂ ಆದ ಸ್ಟ್ರೈಕರ್ ಪರಂಜ್ಯೋತಿ. ಗೋಲು ಹೊಡೆಯುವುದು ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ಬಿದ್ದು ಪೆನಾಲ್ಟಿ ಗಿಟ್ಟಿಸುವುದು ಇನ್ನೂ ಚೆನ್ನಾಗಿ ಬರುತ್ತಿತ್ತು. ಎದುರಾಳಿಯ ಕಾಲು ಒಂದು ಗೇಣು ದೂರದಲ್ಲಿ ಸುಳಿದರೂ ಸಾಕು, ಅವನು ಬುಡ ಕಡಿದ ಬಾಳೆಯಂತೆ ಉರುಳುತ್ತಿದ್ದನು.

ಆದರೆ ಸುಮ್ಮನೆ ಹೇಳಬಾರದು, ಆ ಕೀರ್ತಿಯಲ್ಲಿ ಅರ್ಧಪಾಲು ಲೂರ್ದಮ್ಮನಿಗೆ ಸಲ್ಲಬೇಕು. ಪೂರ್ವದ ಗ್ಯಾಲರಿಯಲ್ಲಿ ಕಡಲೆಕಾಯಿ ಮಾರುತ್ತಿದ್ದ ಲೂರ್ದಮ್ಮನ ಕಂಠವು ಸಾಮಾನ್ಯ ಕಂಠವಲ್ಲ. ಪರಂಜ್ಯೋತಿಯ ಮೊಣಕಾಲು ಮಡಚಿತೋ ಇಲ್ಲವೋ, ಆಕೆ ಬುಟ್ಟಿಯನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿ, “ಅಯ್ಯಯ್ಯೋ, ಕೊಂದ್ಬುಟ್ಟ!” ಎಂದು ಒಂದು ಕೂಗು ಹಾಕುವಳು. ಅದನ್ನು ಹಿಡಿದು ಇಡೀ ಗ್ಯಾಲರಿ ಎದ್ದು ನಿಂತು ತಗಡು ಬಡಿಯುವುದು. ಆ ಪ್ರಳಯಘೋಷದ ನಡುವೆ ಯಾವ ರೆಫರಿಯ ಎದೆ ತಾನೇ ನಿಂತೀತು? ಪಾಪ, ಅವನ ಕೈ ತಾನಾಗಿಯೇ ಸೀಟಿಗೆ ಹೋಗುತ್ತಿತ್ತು. ಇವನು ಬೀಳುವುದು, ಆಕೆ ಕೂಗುವುದು, ಅವರು ಬಡಿಯುವುದು, ರೆಫರಿ ಊದುವುದು. ಇದೇ ಕೆರೆಕೋಡಿಯ ಚತುರಂಗಬಲ.

ಮಹಾಮಾರಿಯು ಈ ಬಲದ ಮೂರು ಅಂಗಗಳನ್ನು ಒಂದೇ ಏಟಿಗೆ ಕತ್ತರಿಸಿತು. ಖಾಲಿ ಮೈದಾನದಲ್ಲಿ ಆಡಿರೆಂದು ಅಪ್ಪಣೆಯಾಯಿತು; ಕೂಗೂ ಬಡಿತವೂ ಹೋದವು, ಅವುಗಳ ಹಿಂದೆಯೇ ಸೀಟಿಯೂ ಹೋಯಿತು. ಹಾಗೆ ಆಡಿದ ಪಂದ್ಯಗಳನ್ನೆಲ್ಲ ಸೋತು, ಕೆರೆಕೋಡಿಯು ಕೊನೆಯ ಪಂದ್ಯಕ್ಕೆ ಬರುವಷ್ಟರಲ್ಲಿ ಡಿವಿಷನ್ನಿನ ತಳದಲ್ಲಿ ತೆವಳುತ್ತಿತ್ತು. ಉಳ್ಳಾಲದ ತಂಡದ ಎದುರು ಡ್ರಾ ಮಾಡಿಕೊಂಡರೆ ಉಳಿವು. ಸೋತರೆ ಕೆಳಗಿನ ಡಿವಿಷನ್ನು, ಅಲ್ಲಿಗೆ ಇಳಿದರೆ ಸಂಬಳದ ಆಟಗಾರರೆಲ್ಲ ಮನೆಗೆ. ಉಳಿದವರು ಹುಡುಗರು, ಇನ್ನೊಂದು ಕ್ಲಬ್ ಹುಡುಕಿಕೊಂಡಾರು. ಮೂವತ್ತನಾಲ್ಕು ದಾಟಿದ, ಮಂಡಿಗೆ ಎಣ್ಣೆ ಹಚ್ಚದೆ ಮಲಗದ ಪರಂಜ್ಯೋತಿಯನ್ನು ಯಾರು ಕರೆದಾರು? ಕಾಲ್ಚೆಂಡು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಇದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಆದರೂ ವೀರನು ವೀರನೇ. ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೇರಿ ನಿಂತು, ತೊಡೆ ತಟ್ಟಿ, ಸಿಂಹಗರ್ಜನೆ ಗೈದನು: “ಎಲೈ ಸಹಯೋಧರಿರಾ, ಆ ಗೋಳವನ್ನು ನನ್ನ ಚರಣಾರವಿಂದಗಳಿಗೆ ಸಮರ್ಪಿಸಿದಿರಾದರೆ, ಶತ್ರುಸೀಮೆಯೊಳಗೆ ನುಗ್ಗಿ, ಧರಣೀದೇವಿಯನ್ನು ಆಲಿಂಗಿಸಿ, ವಿಜಯಲಕ್ಷ್ಮಿಯನ್ನು ಜುಟ್ಟು ಹಿಡಿದು ಎಳೆತರುವೆನು!” ಇದು ಕವಿಯ ಪಾಠ. ಅಲ್ಲಿದ್ದವರ ಕಿವಿಗೆ ಬಿದ್ದದ್ದು ಇಷ್ಟೆ: “ಸುಮ್ನೆ ನಂಗ್ ಬಾಲ್ ಕೊಡ್ರೋ. ಮಿಕ್ಕಿದ್ದು ನಾನ್ ನೋಡ್ಕೊತೀನಿ.”

ಸಂಜೆಯ ಇಳಿಬಿಸಿಲಿನಲ್ಲಿ ಯುದ್ಧವು ಮೊದಲಾಯಿತು. ಅಬ್ಬಾ, ಆ ನಿಶ್ಶಬ್ದವನ್ನು ಏನೆಂದು ಬಣ್ಣಿಸಲಿ! ಗ್ಯಾಲರಿಯ ಪ್ಲಾಸ್ಟಿಕ್ ಕುರ್ಚಿಗಳು ಹಲ್ಲು ಬಿಟ್ಟುಕೊಂಡು ಕುಳಿತಿದ್ದವು. ಕೆರೆಕೋಡಿಯ ಗೋಲು ಕಾಯುವ ಗೋಲಿಯು ತನ್ನಷ್ಟಕ್ಕೆ ಹನುಮಾನ್ ಚಾಲೀಸಾ ಹೇಳಿಕೊಳ್ಳುತ್ತಿದ್ದದ್ದು ಎದುರು ಗೋಲಿಗೂ ಕೇಳಿಸುತ್ತಿತ್ತು. ಇಷ್ಟು ವರ್ಷ ಜನರ ಗದ್ದಲದಲ್ಲಿ ಕೋಚ್ ಮಹಾಶಯರು ಬೈದದ್ದು ಯಾರ ಕಿವಿಗೂ ಬೀಳದೆ, ಎಲ್ಲರೂ ನೆಮ್ಮದಿಯಾಗಿ ಆಡಿಕೊಂಡಿದ್ದರು. ಈಗ ಒಂದೊಂದು ಬೈಗುಳವೂ ಸ್ಪಷ್ಟವಾಗಿ, ವಂಶವೃಕ್ಷದ ಸಮೇತ, ಬಂದು ತಟ್ಟುತ್ತಿತ್ತು. ಪಾಸು ಕೊಡುವ ಮೊದಲು ಹುಡುಗರು ಕೋಚಿನ ಮುಖ ನೋಡುವರು. ನೋಡುವಷ್ಟರಲ್ಲಿ ಉಳ್ಳಾಲದವರು ಚೆಂಡು ಕಿತ್ತುಕೊಂಡು ಹೋಗಿರುವರು. ಹಾಗೆ ಕಿತ್ತುಕೊಂಡು ಹೋದ ಒಂದು ಚೆಂಡು ಕೆರೆಕೋಡಿಯ ಗೋಲಿನೊಳಗೆ ಸೇರಿಯೂಬಿಟ್ಟಿತು.

ಆಗ ಪರಂಜ್ಯೋತಿಯು ಬ್ರಹ್ಮಾಸ್ತ್ರವನ್ನು ಹೂಡಿದನು. ಪೆನಾಲ್ಟಿ ಬಾಕ್ಸಿನೊಳಗೆ ನುಗ್ಗಿ, ಉಳ್ಳಾಲದ ರಕ್ಷಣಾವೀರ ಇಲ್ಯಾಸನು ಹತ್ತಿರ ಬಂದದ್ದೇ ತಡ, ಎರಡು ಕೈಗಳನ್ನೂ ಆಕಾಶಕ್ಕೆತ್ತಿ, ಧೊಪ್ಪನೆ ಬಿದ್ದು, ಶಾಸ್ತ್ರೋಕ್ತವಾಗಿ ಮೂರು ಸುತ್ತು ಉರುಳಿ, “ಅಮ್ಮಾ!” ಎಂದನು. ಬರೀ ಅವನೊಬ್ಬನೇ ಅಂದದ್ದು. ಆ “ಅಮ್ಮಾ” ಖಾಲಿ ಗ್ಯಾಲರಿಗೆ ಹೋಗಿ, ಅಲ್ಲಿ ಯಾರೂ ಸಿಗದೆ, ವಾಪಸ್ಸು ಬಂದಿತು. ತನ್ನ ಕೂಗು ಎಷ್ಟು ಸುಳ್ಳಾಗಿ ಕೇಳಿಸುತ್ತದೆಂದು ಅವನು ಮೊದಲ ಸಲ ತಿಳಿದುಕೊಂಡನು. ನಾಚಿಕೆಯಾಯಿತು, ನಿಜಕ್ಕೂ ಆಯಿತು.

ರೆಫರಿ ಗುರುಬಸವಯ್ಯನವರು ಧಾರವಾಡದ ಕಡೆಯವರು, ಸಾವಧಾನದ ಮನುಷ್ಯ. ಹತ್ತಿರ ಬಂದು ಬಗ್ಗಿ ನೋಡಿದರು.

“ಏಳ್ರೀ ಸರ,” ಎಂದರು. “ಹುಲ್ಲು ತಂಪೈತಿ ಅಂತ ಮಲಗಿದ್ರ ನಡಿಯೂದಿಲ್ಲ.”

“ನಾನು ಮುಟ್ಟಲೇ ಇಲ್ಲ ಮಾರಾಯ್ರೆ,” ಎಂದು ಇಲ್ಯಾಸನು ಎರಡು ಕೈ ತೋರಿಸಿದನು.

ಸಹೃದಯರೇ, ಇಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಕಾಂಪೌಂಡಿನ ಆಚೆ ಲೂರ್ದಮ್ಮ ನಿಂತಿದ್ದಳು! ಗೇಟಿನಲ್ಲಿ ತಡೆದರೇನಂತೆ, ಆಕೆ ಬುಟ್ಟಿ ಸಮೇತ ಗೋಡೆಗೆ ಆತು ನಿಂತು ತನ್ನ ಕರ್ತವ್ಯಕ್ಕೆ ಸಿದ್ಧಳಾಗಿದ್ದಳು. ಗೋಡೆ ಎತ್ತರ, ಒಳಗೆ ನಡೆಯುವುದೊಂದೂ ಕಾಣದು. ಹಾಗಾಗಿ ಅಂದಾಜಿನ ಮೇಲೆ ಕೂಗುವುದೆಂದು ತೀರ್ಮಾನಿಸಿದ್ದಳು. ಎರಡನೆಯ ಅವಧಿಯಲ್ಲಿ ಚೆಂಡು ಹೊರಗೆ ಹೋಗಿ, ಆಟ ನಿಂತು, ಪರಂಜ್ಯೋತಿಯು ಗೆರೆಯ ಬಳಿ ಬಂದು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಾಗ, ಗೋಡೆಯಾಚೆಯಿಂದ ಆ ದಿವ್ಯಕಂಠವು ಮೊಳಗಿತು: “ಅಯ್ಯಯ್ಯೋ, ಕೊಂದ್ಬುಟ್ಟ!”

ಇಪ್ಪತ್ತೆರಡು ಜನರೂ ಸ್ತಬ್ಧರಾದರು. ಗುರುಬಸವಯ್ಯನವರು ಗೋಡೆಯತ್ತ ತಿರುಗಿ, “ಯಾರನ್ನ ಕೊಂದಾರ್ರೀ? ಇಲ್ಲೇ ನಿಂತು ನೀರು ಕುಡ್ಯಾಕತ್ತಾರಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿದೆನೆಂದು ತಿಳಿದುಕೊಂಡ ಲೂರ್ದಮ್ಮ, ಇಡೀ ಮೈದಾನಕ್ಕೆ ಕೇಳಿಸುವ ಹಾಗೆ, ಕೇಳಬಾರದ್ದನ್ನು ಕೇಳಿಯೇಬಿಟ್ಟಳು.

“ಲೋ ಪರಂಜ್ಯೋತೀ, ಇನ್ನೂ ಬಿದ್ದಿಲ್ವೇನೋ? ಬಿದ್ದಾಗ ಹೇಳು, ಕೂಗ್ತೀನಿ.”

ಉಳ್ಳಾಲದವರು ಹುಲ್ಲಿನ ಮೇಲೆ ಕುಳಿತು ನಕ್ಕರು. ಕೆರೆಕೋಡಿಯ ಹುಡುಗರೂ ನಕ್ಕರು, ಇರಲಿ, ಅವರ ತಪ್ಪಲ್ಲ. ನಮ್ಮ ವೀರಶಿರೋಮಣಿಯು ಬಾಯಲ್ಲಿದ್ದ ನೀರನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತನು. ಹೋಯಿತು, ಎಲ್ಲ ಹೋಯಿತು. ಇನ್ನು ಅವನ ತಲೆಯ ಮೇಲೆ ಗೋಲಿನ ಕಂಬವೇ ಮುರಿದುಬಿದ್ದರೂ ಪೆನಾಲ್ಟಿ ಕೊಡುವವರು ಯಾರು?

ಆದರೂ ಓಡಿದನು. ಬೀಳುವ ದಾರಿ ಮುಚ್ಚಿಹೋದ ಮೇಲೆ ಓಡುವುದೊಂದೇ ಉಳಿದಿತ್ತಲ್ಲ. ಕೊನೆಯ ಸೀಟಿ ಊದಲು ಇನ್ನೇನು ಸ್ವಲ್ಪವೇ ಹೊತ್ತಿದೆ ಎನ್ನುವಾಗ, ಉದ್ದನೆಯ ಒಂದು ಪಾಸು ಅವನ ಕಾಲಿಗೆ ಬಂದಿತು. ಬಾಕ್ಸಿನೊಳಗೆ ಹೊಕ್ಕನು. ಇಲ್ಯಾಸನು ಅಡ್ಡ ಬಂದು ಕಾಲು ಬೀಸಿದನು. ಪರಂಜ್ಯೋತಿಯು ಚೆಂಡನ್ನು ಪಕ್ಕಕ್ಕೆ ತಳ್ಳಿದನು. ಇಲ್ಯಾಸನ ಬೂಟು ಅವನು ಕಾಲಿಗೆ ಕಟ್ಟಿಕೊಂಡಿದ್ದ ಶಿನ್ ಗಾರ್ಡಿಗೆ ಬಡಿದು, ಅಲ್ಲಿಂದ ಜಾರಿ ಕಣಕಾಲಿನ ಮೂಳೆಗೆ ಕೂತಿತು.

ಠಕ್.

ತುಂಬಿದ ಗ್ಯಾಲರಿಯಿದ್ದಿದ್ದರೆ ಆ ಸದ್ದು ಸ್ವತಃ ಇಲ್ಯಾಸನಿಗೂ ಕೇಳುತ್ತಿರಲಿಲ್ಲ. ಇಂದು ಅದು ಮೈದಾನದ ನಾಲ್ಕು ಮೂಲೆಗೂ ಹೋಯಿತು. ಪರಂಜ್ಯೋತಿಯು ಬಿದ್ದನು. ಕೈ ಎತ್ತಲಿಲ್ಲ, ಉರುಳಲಿಲ್ಲ, ಅಮ್ಮನನ್ನು ಕರೆಯಲಿಲ್ಲ. ನಿಜವಾದ ನೋವಿಗೆ ಯಾವ ಕೂಗು ಹಾಕಬೇಕೆಂದು ಅವನು ಕಲಿತೇ ಇರಲಿಲ್ಲ. ಗುರುಬಸವಯ್ಯನವರು ಅಭ್ಯಾಸಬಲದಿಂದ “ಏಳ್ರೀ” ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಇಲ್ಯಾಸನ ಬಾಯಿಂದ ತಾನಾಗಿಯೇ ಮಾತು ಜಾರಿತು.

“ಅಯ್ಯೋ, ಈ ಸಲ ತಾಗಿತು ಮಾರಾಯ್ರೆ.”

ಹೇಳಿದ ಮೇಲೆ ಅವನು ಬಾಯಿಗೆ ಕೈ ಅಡ್ಡ ಹಿಡಿದನು. ಹಿಡಿದು ಏನು ಪ್ರಯೋಜನ? ಎಲ್ಲರಿಗೂ ಕೇಳಿಸಿತ್ತು. ಸೀಟಿ ಕೂಗಿತು. ಪೆನಾಲ್ಟಿ!

ಈಗ ನೋಡಿರಿ ವೀರನ ನಿಲುವನ್ನು. ಚೆಂಡನ್ನು ಇಟ್ಟು, ಹಿಂದೆ ಸರಿದು, ವಾಡಿಕೆಯಂತೆ ಪೂರ್ವದ ಗ್ಯಾಲರಿಯತ್ತ ತಿರುಗಿ ಎರಡು ಕೈಗಳನ್ನು ಚಾಚಿದನು. ತಗಡಿನ ಸದ್ದು ಏರಿ ಏರಿ ಮುಗಿಲು ಮುಟ್ಟಿದಾಗ ಓಡಿಬಂದು ಒದೆಯುವುದು ಅವನ ಕ್ರಮ. ಕೈ ಚಾಚಿಕೊಂಡು ಕಾದನು. ಕುರ್ಚಿಗಳು ಕುಳಿತೇ ಇದ್ದವು. ನಾಯಿಯೊಂದು ಮೆಟ್ಟಿಲ ಮೇಲೆ ಮಗ್ಗುಲು ಬದಲಿಸಿತು.

“ಯಾರಿಗೆ ಕಾಯಾಕತ್ತೀರಿ?” ಎಂದರು ಗುರುಬಸವಯ್ಯ, ಬೈಯುವ ದನಿಯಲ್ಲಲ್ಲ.

ಯಾರಿಗೂ ಇಲ್ಲವೆಂದು ತಲೆಯಾಡಿಸಿ, ಕುಂಟುತ್ತ ಬಂದು ಒದ್ದನು. ವಜ್ರಾಯುಧವು ಸಿಡಿಯುವುದೆಂದು ನಂಬಿದ್ದ ಉಳ್ಳಾಲದ ಗೋಲಿಯು ಬಲಕ್ಕೆ ಹಾರಿ ದೂರ ಹೋಗಿ ಬಿದ್ದನು. ಊದಿದ ಕಾಲಿನಿಂದ ಹೊರಟ ಚೆಂಡಾದರೋ, ತಿಂಡಿ ತಿಂದು ವಾಕಿಂಗಿಗೆ ಹೊರಟ ನಿವೃತ್ತ ಹೆಡ್‌ಮಾಸ್ತರರಂತೆ, ಅಲ್ಲಲ್ಲಿ ನಿಂತು ನಿಂತು, ಗೆರೆ ದಾಟಿ, ಬಲೆಯನ್ನು ಮುಟ್ಟುವ ಮೊದಲೇ ನಿಂತಿತು. ಗೋಲು. ಡ್ರಾ. ಕೆರೆಕೋಡಿ ಉಳಿಯಿತು, ಸಂಬಳ ಉಳಿಯಿತು, ಪರಂಜ್ಯೋತಿಯ ಇನ್ನೊಂದು ವರ್ಷ ಉಳಿಯಿತು. ಆನಂದಾತಿರೇಕದಿಂದ ಅವನು ಕುಂಟಿಕೊಂಡೇ ಗ್ಯಾಲರಿಗೆ ಓಡಿ, ತಂತಿಬೇಲಿ ಹಿಡಿದು, ಎದೆ ಉಬ್ಬಿಸಿ ನಿಂತನು. ಅಲ್ಲಿ ಮೊಬೈಲು ನೋಡುತ್ತ ಕುಳಿತಿದ್ದ ಸೆಕ್ಯುರಿಟಿಯವನು ತಲೆ ಎತ್ತಿ, “ಮುಗೀತಾ ಸಾರ್? ಗೇಟ್ ಹಾಕ್ಬೇಕು,” ಎಂದನು.

ಸ್ನಾನ ಮಾಡಿ, ಬ್ಯಾಗು ಹೆಗಲಿಗೇರಿಸಿ ಹೊರಬಂದಾಗ, ಲೂರ್ದಮ್ಮ ಗೋಡೆಯ ಬಳಿಯೇ ಇದ್ದಳು. ಏನಾಯಿತೆಂದು ಕೇಳಿದಳು. ಇವನು ಬ್ಯಾಗನ್ನು ಕೆಳಗೆ ಹಾಕಿ, ಗೋಲು ತಾನೇ ಹೊಡೆದದ್ದು, ಕ್ಲಬ್ಬು ಉಳಿದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದನು. ಆಮೇಲೆ ಪ್ಯಾಂಟು ಮೇಲೆತ್ತಿ, ಗುಂಡು ಬದನೆಕಾಯಿಯ ಹಾಗೆ ಊದಿಕೊಂಡಿದ್ದ ಕಣಕಾಲನ್ನು ತೋರಿಸಿದನು.

“ಅಕ್ಕ, ಈ ಸಲ ನಿಜವಾಗ್ಲೂ ಒದ್ಬುಟ್ಟ ಕಣಕ್ಕ.”

ಲೂರ್ದಮ್ಮ ಬಗ್ಗಿ ಕಾಲು ನೋಡಿದಳು. ಅವನ ಮುಖ ನೋಡಿದಳು. ಬಾಯ್ತುಂಬ ನಕ್ಕಳು.

“ಹೋಗೋ, ನನ್ ಹತ್ರಾನೇ ರೀಲ್ ಬಿಡ್ತೀಯಾ? ಇಷ್ಟು ವರ್ಷ ಕೂಗಿದ್ದು ಯಾರೋ?” ಎಂದು ಕಾಗದದ ಪೊಟ್ಟಣದಲ್ಲಿ ಕಡಲೆಕಾಯಿ ಸುರಿದು ಅವನ ಕೈಗೆ ಕೊಟ್ಟಳು. “ತಗೋ, ತಿನ್ಕೊಂಡ್ ಹೋಗು. ರೋಡಲ್ಲಿ ಹಿಂಗ್ ಕುಂಟ್ಬೇಡ, ಜನ ನಿಜ ಅಂದ್ಕೋತಾರೆ.”

ಮಂದಮಾರುತಸ್ಪರ್ಶಮಾತ್ರದಿಂದ ಧರಾಶಾಯಿಯಾಗಬಲ್ಲ ಪತನವಿಶಾರದ ಪರಂಜ್ಯೋತಿಯು ಪೊಟ್ಟಣ ತೆಗೆದುಕೊಂಡನು, ಪ್ಯಾಂಟು ಇಳಿಸಿಕೊಂಡನು. ಬಸ್‌ಸ್ಟಾಪಿನವರೆಗೂ, ಹೆಜ್ಜೆಹೆಜ್ಜೆಗೂ ಪ್ರಾಣ ಹೋಗುತ್ತಿದ್ದರೂ, ಏನೂ ಆಗದವನ ಹಾಗೆ ನೆಟ್ಟಗೆ ನಡೆದುಕೊಂಡು ಹೋದನು.