ಬೆರಳಿಗೆ ತಾಗಿ ಬಿದ್ದ ಚೆಂಡಿನವರಿಗೆ

ಗೆ,
ಶ್ರೀಯುತ ಚೆಂಡಿನವರು,
ಗಾಜಿನ ಪೆಟ್ಟಿಗೆ, ಪ್ರೌಢಶಾಲೆಯ ಹಜಾರ,
ಪ್ಲಮ್ ಹಾಲೋ, ನೆಬ್ರಾಸ್ಕಾ.

ಮಾನ್ಯರೇ,

ತಮ್ಮ ಚರ್ಮಕ್ಕೆ, ಹೊಲಿಗೆಗೆ, ಎರಡೂ ತುದಿ ಚೂಪಾಗಿದ್ದರೂ ಇಷ್ಟು ವರ್ಷ ಯಾರಿಗೂ ಚುಚ್ಚದೆ ಕುಳಿತಿರುವ ತಮ್ಮ ಸೌಜನ್ಯಕ್ಕೆ ಅನಂತ ನಮಸ್ಕಾರಗಳು. ತಮ್ಮೊಳಗಿನ ಗಾಳಿ ಕ್ಷೇಮವಾಗಿದೆಯೆಂದು ನಂಬಿದ್ದೇನೆ. ಇತ್ತ ನಮ್ಮದು ಹೋಗಿದೆ.

ನಾನು ಯಾರೆಂದು ತಾವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ತಮ್ಮನ್ನು ಕೊನೆಯ ಸಲ ಎಸೆದ ಕ್ವಾರ್ಟರ್‌ಬ್ಯಾಕ್ ಮಾರ್ಲಿನ್ ಕುಚೇರಾನ ಹೆಂಡತಿ ನಾನು. ತಮ್ಮನ್ನು ಹಿಡಿಯಲು ಓಡಿದ ರಿಸೀವರ್ ರೂಡಿಯ ಅಕ್ಕನೂ ನಾನೇ. ಮೊದಲು 'ಹಿಡಿಯದವನ ಅಕ್ಕ' ಎಂದು ಬರೆದಿದ್ದೆ, ತವರಿನ ಮರ್ಯಾದೆಗೆ ಅಂಜಿ ಹೊಡೆದುಹಾಕಿದೆ. 'ಅಡ್ಡಾದಿಡ್ಡಿ ಎಸೆದವನ ಹೆಂಡತಿ' ಎಂದೂ ಬರೆದಿದ್ದೆ, ಗಂಡ ಹೆಗಲ ಮೇಲಿಂದ ಇಣುಕುತ್ತಿದ್ದುದರಿಂದ ಅದನ್ನೂ ಹೊಡೆದುಹಾಕಿದೆ.

ಕಾಲಿಗಿಂತ ಹೆಚ್ಚು ಕೈಯಲ್ಲೇ ಆಡುವ ನಮ್ಮ ಫುಟ್‌ಬಾಲಿನ ರಾಜ್ಯದ ಫೈನಲ್ ಪಂದ್ಯದ ಕೊನೆಯ ಗಳಿಗೆ ತಮಗೆ ನೆನಪಿರಲೇಬೇಕು, ಏಕೆಂದರೆ ಇಪ್ಪತ್ತೆಂಟು ವರ್ಷಗಳಿಂದ ನಮ್ಮೂರಿನಲ್ಲಿ ಬೇರೇನೂ ನೆನಪಿಲ್ಲ. ಹತ್ತೊಂಬತ್ತು ವರ್ಷ ತುಂಬದ ಮಾರ್ಲಿನ್ ತಮ್ಮನ್ನು ಆಕಾಶಕ್ಕೆ ಎಸೆದ, ಹಿಡಿದರೆ ಗೆಲುವೆಂದು ರೂಡಿ ಮೈದಾನದ ಮೂಲೆಗೆ ಓಡಿ ಜಿಗಿದ, ತಾವು ಅವನ ಬೆರಳ ತುದಿಯನ್ನು ಮುದ್ದಾಗಿ ಸವರಿ ಹುಲ್ಲಿನ ಮೇಲೆ ಪವಡಿಸಿದಿರಿ. ರೆಫ್ರಿ ಎರಡೂ ಕೈ ಬೀಸಿ 'ಪಾಸ್ ಅಪೂರ್ಣ' ಎಂದು ಸಾರಿ ಮನೆಗೆ ಹೋದರು. ಯಾರಿಂದ ಅಪೂರ್ಣವೆಂದು ಹೇಳುವ ಸಂಜ್ಞೆ ಅವರ ಕೈಯಲ್ಲಿರಲಿಲ್ಲ. ಪಾಸಾಗದ ಆ ಪಾಸಿನಲ್ಲಿ ಫೇಲಾದವರು ಯಾರು ಎಂಬ ಪ್ರಶ್ನೆಯನ್ನು ಅವರು ನಮ್ಮ ಊಟದ ಮೇಜಿನ ಮೇಲೆ ಬಿಟ್ಟುಹೋದರು.

ಸೋತ ಪಂದ್ಯದ ಚೆಂಡನ್ನು ಯಾವ ಊರೂ ಗಾಜಿನಲ್ಲಿಟ್ಟು ಪೂಜಿಸುವುದಿಲ್ಲ. ನಮ್ಮೂರು ಮಾತ್ರ ಗೆದ್ದೇ ಗೆಲ್ಲುತ್ತೇವೆಂಬ ಭರವಸೆಯಲ್ಲಿ ಪಂದ್ಯಕ್ಕೆ ಮೊದಲೇ ಪೆಟ್ಟಿಗೆ ಮಾಡಿಸಿ, ದೀಪವನ್ನೂ ಹಾಕಿಸಿಬಿಟ್ಟಿತ್ತು. ಬಡಗಿ ವಾಪಸು ಒಯ್ಯಲಿಲ್ಲ. ಖಾಲಿ ಪೆಟ್ಟಿಗೆ ಅಪಶಕುನವೆಂದು ತಮ್ಮನ್ನೇ ಒಳಗೆ ಕೂರಿಸಲಾಯಿತು. ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆ ಹೀಗೆಯೇ, ಕುಲಾವಿಗೆ ತಕ್ಕ ತಲೆ ಹುಡುಕಬೇಕಾಗುತ್ತದೆ.

ಅಂದಿನಿಂದ ನಮ್ಮೂರಿನಲ್ಲಿ ಎರಡು ಪಂಥಗಳಿವೆ. ಕ್ಷೌರದ ಲೂಮಿರ್ ಕತ್ತರಿ ಆಡಿಸುತ್ತಲೇ, "ಬೆರಳಿಗೆ ತಾಗ್ತು ಅಂದ್ಮೇಲೆ ಹಿಡೀಬೇಕಪ್ಪಾ. ತಾಗಿದ್ದು ನಿನ್ನದು, ಮುಗೀತು!" ಎಂದು ತೀರ್ಪು ಕೊಡುತ್ತಾನೆ. ಒಳಗಿನಿಂದ ಅವನ ಹೆಂಡತಿ, "ಏಣಿ ಹೆಗಲ ಮೇಲೆ ಹೊತ್ಕೊಂಡು ಓಡಕ್ಕಾಗುತ್ತೇನ್ರೀ? ಎಸೆಯೋನಿಗೆ ಕಣ್ಣಿರಬೇಕು!" ಎಂದು ಮೇಲ್ಮನವಿ ಸಲ್ಲಿಸುತ್ತಾಳೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ತುತ್ತು ಕೈಗೆ ಬಂದಿತ್ತೋ ಇಲ್ಲವೋ ಎಂಬುದೇ ನಮ್ಮ ಜಗಳ.

ಇದನ್ನೆಲ್ಲ ನಗುನಗುತ್ತಾ ಸಹಿಸಿದ್ದೆ, ಕಳೆದ ತಿಂಗಳ ಹಳೆಯ ವಿದ್ಯಾರ್ಥಿಗಳ ಪಂದ್ಯದವರೆಗೆ. ಅಂದು ಯಾರೋ ಪುಣ್ಯಾತ್ಮರು ನನ್ನ ಗಂಡನ ಕೈಗೆ ಮೈಕು ಕೊಟ್ಟರು. ಅದನ್ನವನು ಚೆನ್ನಾಗಿಯೇ ಹಿಡಿದುಕೊಂಡ. "ನಮ್ಮ ರೂಡಿ ಇನ್ನೂ ಆ ಮೂಲೇಲೇ ನಿಂತವ್ನೆ ಕಣ್ರಪ್ಪಾ, ಚೆಂಡು ಬರುತ್ತೆ ಅಂತ! ಬಂದಿದ್ದನ್ನ ಹಿಡಿಯೋ ಕೈ ಮಾತ್ರ ಇನ್ನೂ ಬಂದಿಲ್ಲ!" ಎಂದ. ಊರಿಗೆ ಊರೇ ನಕ್ಕಿತು. ರೂಡಿ ಟೋಪಿ ಎತ್ತಿಕೊಂಡು ಎದ್ದುಹೋದ.

ಈ ಶನಿವಾರ ನನ್ನ ಮಗಳು ಕೆಂಡ್ರಾಳ ಮದುವೆ. ಹೆಸರಿನಲ್ಲೇ ಕೆಂಡವಿರುವ ಹುಡುಗಿ. ಸೋದರಮಾವ ಅಕಾರ್ಡಿಯನ್ ನುಡಿಸದಿದ್ದರೆ ಚರ್ಚಿನ ಮೆಟ್ಟಿಲೇ ಹತ್ತುವುದಿಲ್ಲ ಎಂದು ಕುಳಿತಿದ್ದಾಳೆ. ಅಕಾರ್ಡಿಯನ್ ಇಲ್ಲದೆ ಪೋಲ್ಕಾ ಕುಣಿತವಿಲ್ಲ, ಪೋಲ್ಕಾ ಇಲ್ಲದ ಮದುವೆಯನ್ನು ನಮ್ಮ ಜೆಕ್ ಮೂಲದ ಅಜ್ಜಿಯರು ಮದುವೆಯೆಂದೇ ಒಪ್ಪುವುದಿಲ್ಲ. ರೂಡಿಯ ಮನೆಗೆ ಗಸಗಸೆ ಹೂರಣದ ಸಿಹಿ ಬನ್ನು, ನಮ್ಮ ಕೊಲಾಚಿ, ಕಟ್ಟಿಕೊಂಡು ಹೋದೆ. ಕೊಲಾಚಿ ತಿಂದ. ತಿಂದು, "ಅಕ್ಕಾ, ಅಕಾರ್ಡಿಯನ್ ನುಡಿಸೋಕೆ ಕೈ ಬೇಕು. ನನ್ ಕೈ ನೆಟ್ಟಗಿಲ್ಲ ಅಂತ ನಿನ್ ಗಂಡ ಮೈಕಲ್ಲೇ ಸಾರಿದ್ನಲ್ಲ!" ಎಂದ. ಮನೆಗೆ ಬಂದು ಗಂಡನ ಮುಂದೆ ಕಣ್ಣೀರು ಹಾಕಿದೆ. ಅವನೂ ಕರಗಿದ. "ಆಯ್ತು ಮಾರಾಯ್ತಿ, ಕ್ಷಮೆ ಕೇಳ್ತೀನಿ. ತಪ್ಪು ನಂದಲ್ಲ ಅಂತ ಮೊದ್ಲು ಅವ್ನು ಒಪ್ಕೊಳ್ಲಿ" ಎಂದ.

ಮಾನ್ಯರೇ, ಈ ಇಬ್ಬರು ಮಹನೀಯರ ನಡುವೆ ತಮ್ಮ ಮೌನವನ್ನು ನಾನು ಹೇಗೆ ಕೊಂಡಾಡಲಿ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಭಾವ ಬಾಮೈದನನ್ನು, ಬಾಮೈದ ಭಾವನನ್ನು ಡೊಂಕು ಎಂದರೇ ಹೊರತು, ಹುಟ್ಟಾ ಡೊಂಕಾದ ತಮ್ಮತ್ತ ಯಾರೂ ಬೆರಳು ತೋರಲಿಲ್ಲ. ಇಬ್ಬರ ಬಾಳನ್ನೂ ಕೆಡಿಸಿ ತಾವು ಒಂದು ಸುಕ್ಕೂ ಇಲ್ಲದೆ ದೀಪದ ಕೆಳಗೆ ಮಿರುಗುತ್ತಿದ್ದೀರಿ. ಇಂಥ ನಿರ್ಲಿಪ್ತತೆ ನಮ್ಮ ಪಾದ್ರಿಗಳಿಗೂ ಸಿದ್ಧಿಸಿಲ್ಲ.

ಆದ್ದರಿಂದ ನನ್ನ ವಿನಮ್ರ ಬೇಡಿಕೆ. ಶುಕ್ರವಾರದೊಳಗೆ ತಾವು ಪೆಟ್ಟಿಗೆಯಿಂದ ಇಳಿದು, ಉರುಳಿಕೊಂಡಾದರೂ ಸರಿ, ಕ್ಷೌರದಂಗಡಿಗೆ ಬಂದು 'ತಪ್ಪು ನನ್ನದೇ' ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕು. ಅಂತಸ್ತು ಅಡ್ಡ ಬಂದರೆ ತಪ್ಪನ್ನು ಗಾಳಿಯ ಮೇಲಾದರೂ ಹಾಕಿ. ನೆಬ್ರಾಸ್ಕಾದ ಗಾಳಿ ಇದಕ್ಕಿಂತ ದೊಡ್ಡ ಆರೋಪಗಳನ್ನು ಹೊತ್ತಿದೆ. ಅದೂ ಒಲ್ಲದಿದ್ದರೆ ಇಪ್ಪತ್ತೆಂಟು ವರ್ಷ ಹಿಂದಕ್ಕೆ ಹೋಗಿ ಎರಡು ಬೆರಳಿನಷ್ಟು ಕೆಳಗೆ ಬನ್ನಿ, ಇಲ್ಲವೇ ಬಕೆಟ್ಟಿಗಿರುವಂತೆ ತಮಗೂ ಒಂದು ಹಿಡಿ ಮೂಡಿಸಿಕೊಳ್ಳಿ. ಯಾವುದೂ ಸಾಧ್ಯವಿಲ್ಲವಾದರೆ ಶನಿವಾರದೊಳಗೆ ಅಕಾರ್ಡಿಯನ್ ಕಲಿತುಕೊಂಡು ಬನ್ನಿ. ಅದೂ ಗಾಳಿ ತುಂಬಿಕೊಂಡು ಬದುಕುವವರದೇ ಕಸುಬು, ತಮಗೆ ಹೊಸತಲ್ಲ.

ಎಸೆತಕ್ಕೂ ಹಿಡಿತಕ್ಕೂ ನಡುವೆ ಇನ್ನೂ ಗಾಳಿಯಲ್ಲೇ ಇರುವ,
ತಮ್ಮ ವಿಶ್ವಾಸಿ,
ಜೊಲೀನ್ ಕುಚೇರಾ

ತಾ.ಕ.: ನಮ್ಮ ವಾರಪತ್ರಿಕೆಯವರು ಫುಟ್‌ಬಾಲ್ ಸುದ್ದಿಯಿಂದಾಗಿ ಜಾಗವಿಲ್ಲವೆಂದು, ಅಚ್ಚಿಗೆ ಕೊಟ್ಟಿದ್ದ ಈ ಪತ್ರವನ್ನು ಒಂದು ವಾರ ತಡೆದದ್ದರಿಂದ, ಮುಂದಿನದನ್ನೂ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಮಗಳನ್ನು ಅಂತೂ ಗದರಿಸಿ ಮೆಟ್ಟಿಲು ಹತ್ತಿಸಿದೆವು. ರೂಡಿ ಬರಿಗೈಯಲ್ಲಿ ಬಂದು ಕೊನೆಯ ಕುರ್ಚಿಯಲ್ಲಿ ಕುಳಿತ. ಊಟವಾದ ಮೇಲೆ ಕೆಂಡ್ರಾ, ಹಿಡಿದವಳದೇ ಮುಂದಿನ ಮದುವೆ ಎಂಬ ಪದ್ಧತಿಯಂತೆ, ಮದುವೆಯಾಗದ ಹುಡುಗಿಯರಿಗೆ ಬೆನ್ನು ಮಾಡಿ ನಿಂತು ಹೂಗುಚ್ಛ ಎಸೆದಳು. ರೂಡಿಯ ಮಗಳು ಟೆಸ್ಸಾ ಓಡಿದಳು, ಜಿಗಿದಳು. ಹೂಗುಚ್ಛ ಅವಳ ಬೆರಳ ತುದಿಗೆ ತಾಗಿ ನೆಲಕ್ಕೆ ಬಿತ್ತು.

ಛತ್ರದಲ್ಲಿದ್ದವರೆಲ್ಲ ಭಾವ-ಬಾಮೈದರತ್ತ ತಿರುಗಿದರು. ಮಾರ್ಲಿನ್ ಎದ್ದು ನಿಂತ. "ಎಸೆತ ಮೇಲಾಯ್ತು ಕಣೋ ರೂಡಿ. ನನ್ ಮಗಳದೇ ತಪ್ಪು. ಆ ಕೈ ನಂದೇ ಅಲ್ವಾ" ಎಂದ. ರೂಡಿ ಹೂವನ್ನೇ ನೋಡುತ್ತಾ, "ಇಲ್ಲ ಭಾವ, ತಾಗ್ತು. ತಾಗಿದ್ಮೇಲೆ ಹಿಡೀಬೇಕಿತ್ತು ನಮ್ಮ ಹುಡುಗಿ" ಎಂದ. "ಇಲ್ಲ ಕಣೋ, ಮೇಲಾಯ್ತು." "ಸುಮ್ನಿರು ಭಾವ, ತಾಗ್ತು ಅಂದ್ನಲ್ಲ!" ಹೀಗೆ ಜಗಳವಾಡುತ್ತಲೇ ಇಬ್ಬರೂ ಹೊರಗೆ ಹೋದರು, ರೂಡಿಯ ಟ್ರಕ್ಕಿನ ಸೀಟಿನಡಿ ಮೊದಲಿನಿಂದಲೂ ಇದ್ದ ಅಕಾರ್ಡಿಯನ್ನನ್ನು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದುಕೊಂಡು ಬಂದರು. ಬೀಳಿಸಲಿಲ್ಲ.

ಆದರೆ ಅಪ್ಪಂದಿರ ಬಾಯಿಂದ ಊರ ಮುಂದೆ ತಪ್ಪಿತಸ್ಥರೆನಿಸಿಕೊಂಡ ಹುಡುಗಿಯರಿಬ್ಬರೂ ಆವತ್ತಿನಿಂದ ಮಾತು ಬಿಟ್ಟಿದ್ದಾರೆ. ಕ್ಷೌರದಂಗಡಿಯಲ್ಲಿ ಹೊಸ ಪಂಥಗಳು ಹುಟ್ಟಿವೆ. ಆದ್ದರಿಂದ ತಾವು ದಯಮಾಡಿ ಪೆಟ್ಟಿಗೆಯೊಳಗೆ ಸ್ವಲ್ಪ ಸರಿದು ಕುಳಿತುಕೊಳ್ಳಿ, ಹೂಗುಚ್ಛವನ್ನು ಕಳಿಸಿಕೊಡುತ್ತಿದ್ದೇವೆ.