ಲಮ್ಲೂಮನ ಕೊರಳಿನ ಬೀಗದ ಕೈ

ಕಫ್ರ್ ಸಫ್ಸಾಫಿನ ಸರ್ಕಾರಿ ಆಸ್ಪತ್ರೆಗೆ ನೆಲದ ಮೇಲೆ ಮೂರು ಮಹಡಿಗಳೂ, ಒಂದು ಲಿಫ್ಟೂ, ಆ ಲಿಫ್ಟಿಗೆ ಒಂದು ಬೀಗದ ಕೈಯೂ ಇವೆ. ಲಿಫ್ಟು ಕೆಟ್ಟಿಲ್ಲ. ಬೀಗದ ಕೈ ಕಳೆದಿಲ್ಲ. ಅದು ಊರಿಗೆಲ್ಲ ಚಿಕ್ಕಪ್ಪನಾದ ಲಮ್ಲೂಮನ ಕೊರಳಲ್ಲಿ ಹಸಿರು ದಾರದಿಂದ ನೇತಾಡುತ್ತಿದೆ. ಆಸ್ಪತ್ರೆಯ ಎದುರಿಗಿರುವ ಕಾಫಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಹುಕ್ಕಾ ಎಳೆಯುವುದು ಲಮ್ಲೂಮ್ ಚಿಕ್ಕಪ್ಪನ ಕೆಲಸ. ಬೀಗದ ಕೈ ಬೇಕಾದವರು ರಸ್ತೆ ದಾಟಿದರೆ ಸಾಕು.

ಆದರೆ ರಸ್ತೆ ದಾಟುವ ಅಧಿಕಾರ ಆಸ್ಪತ್ರೆಯಲ್ಲಿ ಯಾರಿಗೂ ಇಲ್ಲ.

ಲಮ್ಲೂಮ್ ಮೂವತ್ತೊಂದು ವರ್ಷ ಆ ಲಿಫ್ಟು ನಡೆಸಿದವನು. ಬೀಗದ ಕೈ ಅವನ ಹೆಸರಿನಲ್ಲಿ, ಅವನ ಸುಪರ್ದಿನಲ್ಲಿ ಇತ್ತು. ಅದಕ್ಕೆ ಕಾಗದ ಇದೆ, ಕಾಗದದ ಮೇಲೆ ಸರ್ಕಾರದ ಹದ್ದಿನ ಮೊಹರು ಇದೆ. ನಿವೃತ್ತಿಯಾದ ದಿನ ಅವನು ಬೀಗದ ಕೈಯನ್ನು ಅಂಗೈಲಿಟ್ಟುಕೊಂಡು ಉಗ್ರಾಣದವನ ಮುಂದೆ ನಿಂತನಂತೆ.

“ತಗೋಪ್ಪಾ.”

“ನಾನು ತಗೊಳ್ಳೋ ಹಂಗಿಲ್ಲ. ನಿನ್ನ ಜಾಗಕ್ಕೆ ಬರೋನಿಗೆ ಒಪ್ಪಿಸ್ಬೇಕು.”

“ನನ್ನ ಜಾಗಕ್ಕೆ ಯಾರು ಬರ್ತಾರೆ?”

“ಯಾರೂ ಬರಲ್ಲ. ಆ ಹುದ್ದೆ ರದ್ದಾಯ್ತು.”

“ಹಂಗಾದ್ರೆ ಈ ಬೀಗದ ಕೈ?”

“ಅದು ರದ್ದಾಗಿಲ್ಲ.”

ಇನ್ನೊಂದು ಬೀಗದ ಕೈ ಮಾಡಿಸಿದರೆ ಅದು ಖೋಟಾ. ಬೀಗ ಒಡೆದರೆ ಸರ್ಕಾರಿ ಸೊತ್ತಿಗೆ ಹಾನಿ. ಸುಪರ್ದಿನ ವಸ್ತು ಕಳೆದರೆ ಲಮ್ಲೂಮನ ಪಿಂಚಣಿಗೇ ಕಲ್ಲು. ಹಾಗಾಗಿ ಪಾಪ, ಅವನು ಸ್ನಾನಕ್ಕೂ ಅದನ್ನು ಹಾಕಿಕೊಂಡೇ ಹೋಗುತ್ತಾನೆ.

ಆಪರೇಷನ್ ಕೋಣೆ ಇರುವುದು ಮೂರನೇ ಮಹಡಿಯಲ್ಲಿ. ಆಸ್ಪತ್ರೆಯ ಆರನೇ ನಿಯಮ ಏನು ಹೇಳುತ್ತದೆಂದರೆ: “ಲಿಫ್ಟ್ ಇರುವ ಕಟ್ಟಡದಲ್ಲಿ ಆಪರೇಷನ್ನಿನ ರೋಗಿಯನ್ನು ಮಹಡಿಯಿಂದ ಮಹಡಿಗೆ ಲಿಫ್ಟಿನಲ್ಲಿಯೇ ಸಾಗಿಸತಕ್ಕದ್ದು. ಮೆಟ್ಟಿಲು ಹತ್ತಿಸುವುದಾಗಲಿ, ಕುರ್ಚಿ, ಮಂಚ ಅಥವಾ ಅಳಿಯನ ಬೆನ್ನಿನ ಮೇಲೆ ಹೊರುವುದಾಗಲಿ ಕೂಡದು.” ನಮ್ಮ ಕಟ್ಟಡದಲ್ಲಿ ಲಿಫ್ಟ್ ಇದೆ. ಆದ್ದರಿಂದ ಹದಿನಾಲ್ಕು ತಿಂಗಳಿಂದ ಒಂದು ಆಪರೇಷನ್ನೂ ಆಗಿಲ್ಲ. ಈ ಹದಿನಾಲ್ಕು ತಿಂಗಳಲ್ಲಿ ಆಪರೇಷನ್ ಮೇಜಿನ ಮೇಲೆ ಒಬ್ಬರೂ ಸತ್ತಿಲ್ಲ ಎಂದು ಜಿಲ್ಲೆಯಿಂದ ಒಂದು ಪ್ರಶಂಸಾಪತ್ರ ಬಂತು. ನಿರ್ದೇಶಕ ಡಾಕ್ಟರ್ ನಾಷಿದ್ ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ತಲೆಯ ಮೇಲೆ ತೂಗುಹಾಕಿದ್ದಾರೆ.

ಕಣ್ಣಿನ ಡಾಕ್ಟರು ತಾಂತಾ ಪಟ್ಟಣದಿಂದ ಬುಧವಾರ ಬುಧವಾರ ಬರುತ್ತಾರೆ. ಮೂರು ಮಹಡಿ ಹತ್ತಿ, ಕೈ ತೊಳೆದು, ಎರಡು ಗಂಟೆಯವರೆಗೆ ಕಾದು, ಇಳಿದು ಹೋಗುತ್ತಾರೆ. ಒಂದು ಬುಧವಾರವೂ ತಪ್ಪಿಸಿಲ್ಲ. ಅಂಥ ಒಳ್ಳೆಯ ಮನುಷ್ಯ.

ಇದೆಲ್ಲ ನನಗೆ ಯಾಕೆ ಗೊತ್ತೆಂದರೆ, ನನ್ನ ಅತ್ತಿಗೆ ತಫೀದಾಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೋಗಲಿ, ವಯಸ್ಸಾಯಿತು ಅನ್ನೋಣ. ಆದರೆ ಅವಳ ಮೊಮ್ಮಗಳು ಇಬ್ತಿಹಾಲಳಿಗೆ ಸಂಬಂಧ ಗಟ್ಟಿಯಾಗಿತ್ತು. ಹುಡುಗ ಜಗ್ಲೂಲ್, ಟಯರ್ ಪಂಕ್ಚರ್ ಹಾಕುವವನು. ಹುಡುಗಿಗೆ ತಂದೆಯಿಲ್ಲ, ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಅಜ್ಜಿ ಹಟ ಹಿಡಿದು ಕೂತಳು.

“ಮುಖ ನೋಡ್ದೆ ಹುಡುಗೀನ ಕೊಡ್ಲಾ? ಸಂತೇಲಿ ಕಲ್ಲಂಗಡೀನೂ ತಿರುಗಿಸಿ ನೋಡಿ ತಗೋತೀವಿ.”

“ಒಳ್ಳೆ ಹುಡುಗ ಕಣೇ,” ಅಂದೆ ನಾನು.

“ನಿಮ್ಮಣ್ಣನೂ ಒಳ್ಳೆ ಹುಡುಗ ಅಂತ ನೀವೆಲ್ಲ ಹೇಳಿದ್ರಿ. ಮುಖ ನೋಡಿದ್ಮೇಲೆ ತಾನೆ ನನಗೆ ನಿಜ ಗೊತ್ತಾಗಿದ್ದು.”

ನನ್ನಣ್ಣನ ಮಾತು ಬಂದರೆ ನಾನು ಬಾಯಿ ಮುಚ್ಚುವವಳು. ಜಗ್ಲೂಲ್ ಬಂದು ಅವಳ ಮುಂದೆ ಕೂತು ಮುಖ ಕೊಟ್ಟ. ತಫೀದಾ ಬೆರಳಿಂದ ಸವರಿ ನೋಡಿದಳು. “ಮೂಗಿದೆ,” ಅಂದಳು. “ಅದಕ್ಕಿಂತ ಹೆಚ್ಚಿಗೆ ಹೇಳೋಕಾಗಲ್ಲ.” ಆ ಕಡೆ ಜಗ್ಲೂಲನ ತಾಯಿ, ಭತ್ತದ ಕುಯ್ಲಿನೊಳಗೆ ಮದುವೆ ಆಗದಿದ್ದರೆ ಬೇರೆ ಹುಡುಗಿ ನೋಡುತ್ತೇನೆ ಅಂತ ಹೇಳಿ ಕಳಿಸಿದಳು. ಇಬ್ತಿಹಾಲ್ ಅಳುತ್ತಾ ಸೊಪ್ಪು ಕೊಚ್ಚಿದಳು. ಒಂದು ವಾರ ನಮ್ಮ ಮನೆ ಮುಲೂಖಿಯಾ ಸೊಪ್ಪಿನ ಸಾರಿಗೆ ಉಪ್ಪೇ ಹಾಕಬೇಕಾಗಲಿಲ್ಲ.

ಆಗಲೇ ಕೈರೋದಿಂದ ಸಮಿತಿ ಬಂತು.

ಆಪರೇಷನ್ ಸಂಖ್ಯೆ ಯಾಕೆ ಇಳಿದಿದೆ ಎಂದು ವಿಶ್ಲೇಷಿಸಿ ಪರಿಹಾರ ಸೂಚಿಸುವುದು ಸಮಿತಿಯ ಉದ್ದೇಶ. ಮೂರು ಜನ. ಮುಖ್ಯಸ್ಥರು ಡಾಕ್ಟರ್ ಬಹ್ಗತ್. ಅವರು ಬಾಗಿಲಿಂದ ಒಳಗೆ ಬರುವಾಗ ಮೊದಲು ಹೊಟ್ಟೆ ಬಂತು, ಆಮೇಲೆ ಅವರು. ಮೂರು ವಾರ ಇದ್ದರು. ತುಪ್ಪದ ಪದರ ರೊಟ್ಟಿ, ಅಕ್ಕಿ ತುಂಬಿದ ಪಾರಿವಾಳ ಎಲ್ಲ ನಮ್ಮ ಓಣಿಯಿಂದಲೇ ಹೋಯಿತು. ವಿಶ್ಲೇಷಣೆ ಅಂದರೆ ಬಹಳ ಹಸಿವಿನ ಕೆಲಸ.

ಪಾರಿವಾಳದ ತಟ್ಟೆ ಇಡುವಾಗ ನಾನೇ ಕೇಳಿದೆ. “ಸಾಹೇಬ್ರೇ, ಬೀಗದ ಕೈ ಅಗೋ ಎದುರಿಗೇ ಇದೆ. ಆ ಹಸಿರು ದಾರ ಕಾಣ್ತಿದೆಯಲ್ಲ.”

ಅವರು ಕಿಟಕಿಯಿಂದ ನೋಡಿದರು. ಕಾಣುತ್ತಿತ್ತು. “ಹಾಜ್ಜಾ,” ಅಂದರು, ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ ಕೊಟ್ಟು, ತಾಳ್ಮೆಯಿಂದ, “ಅದು ಬರೀ ಲಕ್ಷಣ. ನಾವು ಮೂಲ ಕಾರಣ ಹುಡುಕ್ತಾ ಇದೀವಿ.”

“ಸಿಕ್ತಾ?”

“ಇನ್ನೊಂದೆರಡು ಪಾರಿವಾಳ ಇದ್ರೆ ಸಿಗಬಹುದು.”

ಗೋಡೆಯ ಮೇಲೆ ದೊಡ್ಡ ಹಾಳೆ ಅಂಟಿಸಿ ಮೀನಿನ ಮುಳ್ಳಿನ ಚಿತ್ರ ಬರೆದರು. ಒಂದೊಂದು ಮುಳ್ಳಿಗೂ ಒಂದೊಂದು ಕಾರಣ: ದಾದಿಯರು ನಗುವುದಿಲ್ಲ, ಗೋಡೆಯ ಬಣ್ಣ ಉತ್ಸಾಹ ತರುವುದಿಲ್ಲ, ರೋಗಿಗಳಲ್ಲಿ ಮುಂದಾಲೋಚನೆ ಸಾಲದು. ಆ ಮೀನನ್ನು ತಿಂದವರು ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ. ಎಲ್ಲರ ಅಭಿಪ್ರಾಯ ಬರೆಸಿಕೊಂಡರು. ಲಮ್ಲೂಮನಿಗೂ ಕಾಫಿ ಅಂಗಡಿಗೇ ಹೋಗಿ ಕಾಗದ ಕೊಟ್ಟರು. ಲಿಫ್ಟ್ ಸೇವೆ ನಿಮಗೆ ಹೇಗನ್ನಿಸಿತು ಅಂತ ಪ್ರಶ್ನೆ. “ಮೂವತ್ತೊಂದು ವರ್ಷ ಒಂದು ದೂರಿಲ್ಲ,” ಅಂತ ಬರೆಸಿ ಹೆಬ್ಬೆಟ್ಟು ಒತ್ತಿದ. ಅದಕ್ಕೆ ಪೂರ್ತಿ ಅಂಕ ಸಿಕ್ಕಿತು.

ವರದಿ ಮಂಡಿಸಿದ ದಿನ ಆಸ್ಪತ್ರೆ ಅಂಗಳದಲ್ಲಿ ಬಣ್ಣದ ಬಟ್ಟೆಯ ಚಪ್ಪರ ಹಾಕಿದ್ದರು. ನಮ್ಮಲ್ಲಿ ಮದುವೆಗೂ ಸಾವಿಗೂ ಅದೇ ಚಪ್ಪರ. ಹಾಗಾಗಿ ಜನ ಅಳಬೇಕೋ ಚಪ್ಪಾಳೆ ತಟ್ಟಬೇಕೋ ತಿಳಿಯದೆ ಸುಮ್ಮನೆ ಕೂತಿದ್ದರು. ಬಹ್ಗತ್ ಸಾಹೇಬರು ಎದ್ದು ನಿಂತರು.

“ಮಹನೀಯರೇ, ಮೂಲ ಕಾರಣ ಸಿಕ್ಕಿದೆ. ರೋಗಿಗಳು ಕೆಳಗಿದ್ದಾರೆ. ಆಪರೇಷನ್ ಮೇಲಿದೆ.”

ಜನ ತಲೆದೂಗಿದರು.

“ರೋಗಿಗಳನ್ನು ಮೇಲೆ ತರೋಣವೇ? ಆರನೇ ನಿಯಮ ಬಿಡುವುದಿಲ್ಲ. ಸಲಕರಣೆಗಳನ್ನು ಕೆಳಗೆ ತರೋಣವೇ? ಅವು ಮೂರನೇ ಮಹಡಿಯ ಪಟ್ಟಿಯಲ್ಲಿವೆ, ಮೂರನೇ ಮಹಡಿ ಬಿಟ್ಟು ಅಲುಗುವಂತಿಲ್ಲ. ಉಳಿದದ್ದು ಒಂದೇ ದಾರಿ. ಮಹಡಿಯನ್ನೇ ಕೆಳಗೆ ತರುವುದು.”

ಮಾರನೆಯ ದಿನ ಬಾಗಿಲಿಗೆ ಪ್ರಕಟಣೆ ಅಂಟಿತು. ಔಷಧಿ ಅಂಗಡಿಯವನು ಓದಿ ಹೇಳಿದ:

“ಈ ತಿಂಗಳ ಒಂದನೇ ತಾರೀಖಿನಿಂದ ಆಸ್ಪತ್ರೆಯ ನೆಲಮಹಡಿಯನ್ನು ಮೂರನೇ ಮಹಡಿಯೆಂದೂ, ಮೂರನೇ ಮಹಡಿಯನ್ನು ನೆಲಮಹಡಿಯೆಂದೂ ಪರಿಗಣಿಸತಕ್ಕದ್ದು. ಒಂದನೇ ಮತ್ತು ಎರಡನೇ ಮಹಡಿಗಳು ಮುಂದಿನ ಆದೇಶದವರೆಗೆ ಇದ್ದಲ್ಲಿಯೇ ಇರತಕ್ಕದ್ದು.”

ತಕ್ಷಣ ತಪಾಸಣೆಯಾಯಿತು. ಮೂರನೇ ಮಹಡಿಯಲ್ಲಿ ಇರಬೇಕಾದ ಆಪರೇಷನ್ ಮೇಜು, ದೀಪ, ಕತ್ತರಿ, ಚಿಮಟ ಒಂದೂ ಮೂರನೇ ಮಹಡಿಯಲ್ಲಿ ಇರಲಿಲ್ಲ. ಎಲ್ಲ ನೆಲಮಹಡಿಗೆ ಹೋಗಿ ಕೂತಿದ್ದವು. ದಾದಿ ವಗೀದಾಗೆ ನೋಟಿಸು ಹೋಯಿತು. ಅವಳು ಎರಡು ದಿನ ಬೆವರು ಸುರಿಸಿ ಎಲ್ಲವನ್ನೂ ನೆಲಮಹಡಿಯಿಂದ ಮೂರನೇ ಮಹಡಿಗೆ ಇಳಿಸಿದಳು. ಸಲಕರಣೆಗಳು ಸ್ವಸ್ಥಾನ ಸೇರಿದವು ಎಂದು ದಾಖಲಾಯಿತು.

ಬುಧವಾರ ಕಣ್ಣಿನ ಡಾಕ್ಟರು ಅಭ್ಯಾಸ ಬಲದಿಂದ ಮೆಟ್ಟಿಲು ಹತ್ತಿ ಹೋದರು. ವಗೀದಾ ಕೆಳಗಿಂದ ಕೂಗಿದಳು: “ಡಾಕ್ಟ್ರೇ, ನೀವೀಗ ನೆಲದ ಮೇಲಿದೀರಿ. ಮೂರನೇ ಮಹಡಿಗೆ ಇಳ್ಕೊಂಡು ಬನ್ನಿ.” ಅವರು ಇಳಿದು ಬಂದು ಕೈ ತೊಳೆದರು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಕೈಗೆ ಕೆಲಸ ಸಿಕ್ಕಿತು. ತಫೀದಾಳ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣು ಮುಂದಿನ ತಿಂಗಳು ಅಂದರು.

ಕಣ್ಣಿನ ಪಟ್ಟಿ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಕಲ್ಲಂಗಡಿ ಗಾಡಿಯ ಕತ್ತೆ ಕಿಟಕಿಯೊಳಗೆ ತಲೆ ತೂರಿಸಿ ನಿಂತಿತ್ತು. ತಫೀದಾ ಬಹಳ ಹೊತ್ತು ಅದನ್ನೇ ನೋಡಿದಳು.

“ಮೂರನೇ ಮಹಡೀಲಿ ಕತ್ತೆ ಇದೆಯಾ?”

“ಹೂಂ ಹಾಜ್ಜಾ,” ಅಂದಳು ವಗೀದಾ. “ಈಗ ಭೇಟಿ ಸಮಯ.”

ಮನೆಗೆ ಕರೆದುಕೊಂಡು ಹೋಗೋಣವೆಂದು ನಾನೂ ಇಬ್ತಿಹಾಲಳೂ ಬಟ್ಟೆ ಗಂಟು ಕಟ್ಟಿದೆವು. ಹಾಸಿಗೆಯಿಂದ ಬಾಗಿಲಿಗೆ ಏಳು ಹೆಜ್ಜೆ, ಬಾಗಿಲಿಂದ ರಸ್ತೆಗೆ ಎರಡು. ಡಾಕ್ಟರ್ ನಾಷಿದ್ ಅಡ್ಡ ಬಂದರು.

“ರೋಗಿಯನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಮ್ಮ?”

“ಮನೆಗೆ ಡಾಕ್ಟ್ರೇ.”

“ಮೂರನೇ ಮಹಡಿಯಿಂದ ರೋಗಿ ಇಳಿಯೋದಕ್ಕೆ ಲಿಫ್ಟೇ ಆಗಬೇಕು. ಆರನೇ ನಿಯಮ.”

“ಬಾಗಿಲು ಇಲ್ಲೇ ಇದೆಯಲ್ಲ.”

“ಇದೆ. ಮೂರನೇ ಮಹಡಿಯ ಬಾಗಿಲು. ಇಷ್ಟೆತ್ತರದಿಂದ ರೋಗೀನ ಹೊರಗೆ ಬಿಟ್ಟರೆ ನಾಳೆ ಉತ್ತರ ಹೇಳೋರು ಯಾರು?”

“ಮತ್ತೆ ನಾವು ಓಡಾಡ್ತಿದೀವಲ್ಲ?”

“ನೀವು ಭೇಟಿಗೆ ಬಂದೋರು. ನೀವು ಬಿದ್ದರೆ ಅದು ನಿಮ್ಮ ಸ್ವಂತ ವಿಷಯ.”

ಹೇಳದೆ ಕೇಳದೆ ಎದ್ದು ಹೋದರೆ ಬಿಡುಗಡೆ ಚೀಟಿಗೆ ಮೊಹರು ಬೀಳುವುದಿಲ್ಲ, ಮೊಹರಿಲ್ಲದಿದ್ದರೆ ಎಡಗಣ್ಣಿಲ್ಲ. ತಫೀದಾ ಸ್ವಲ್ಪ ಯೋಚಿಸಿ, ದಿಂಬು ಸರಿ ಮಾಡಿಕೊಂಡು ಮತ್ತೆ ಒರಗಿದಳು. “ಹೋಗಲಿ ಬಿಡಿ. ಹುಡುಗನ್ನ ಇಲ್ಲಿಗೇ ಕರೀರಿ,” ಅಂದಳು.

ಜಗ್ಲೂಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹಾಸಿಗೆಯ ಕಾಲ ಕಡೆ ನಿಂತ. ತಫೀದಾ ಒಂದೇ ಕಣ್ಣಲ್ಲಿ ಅವನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಇಬ್ತಿಹಾಲ್ ನನ್ನ ತೋಳು ಹಿಸುಕಿದ ಗುರುತು ಮೂರು ದಿನ ಇತ್ತು.

“ತಿರುಗು,” ಅಂದಳು ತಫೀದಾ. ಅವನು ತಿರುಗಿದ.

“ಕಿವಿ ದೊಡ್ಡದು.”

“ಹೂಂ ಅಜ್ಜಿ,” ಅಂದ ಜಗ್ಲೂಲ್.

“ಇರಲಿ. ಹೆಂಡತಿ ಮಾತು ಕೇಳೋಕೆ ಬೇಕಾಗುತ್ತೆ. ಮುಂದಿನ ವಾರ ಗೋರಂಟಿ ಶಾಸ್ತ್ರ ಇಟ್ಕೊಳ್ಳಿ.”

ಶಾಸ್ತ್ರ ಆಸ್ಪತ್ರೆಯಲ್ಲೇ ಆಯಿತು, ಭೇಟಿ ಸಮಯ ಮುಗಿಯುವುದರೊಳಗೆ, ಮೂರರಿಂದ ಐದರವರೆಗೆ. ದಾದಿಯರು ಔಷಧಿ ತಟ್ಟೆ ಬಡಿದು ತಾಳ ಹಾಕಿದರು. ನಾಲಿಗೆ ಹೊರಳಿಸಿ ಉಲುಲು ಕೂಗುವುದರಲ್ಲಿ ವಗೀದಾಳನ್ನು ಮೀರಿಸಿದವರಿಲ್ಲ. ಡಾಕ್ಟರ್ ನಾಷಿದ್ ಎರಡು ತಟ್ಟೆ ಬಸ್ಬೂಸಾ ಸಿಹಿ ತಿಂದು ಮೂರನೆಯದನ್ನು ಮನೆಗೆ ಕಟ್ಟಿಸಿಕೊಂಡರು. ಅಷ್ಟರಲ್ಲಿ ಜಗ್ಲೂಲನ ತಾಯಿ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಳು.

“ಯಪ್ಪಾ, ಮೂರು ಮಹಡಿ. ನನ್ನ ಮಂಡಿ ಕಥೆ ಮುಗೀತು ಕಣಮ್ಮಾ. ಒಂದು ಕುರ್ಚಿ ಕೊಡಿ.”

ಕೊಟ್ಟೆವು. ನೀರೂ ಕೊಟ್ಟೆವು.

ಬಹ್ಗತ್ ಸಾಹೇಬರ ಪರಿಹಾರವನ್ನು ಪಕ್ಕದ ಎರಡು ಊರಿನ ಆಸ್ಪತ್ರೆಗಳೂ ಕೇಳಿವೆಯಂತೆ. ಅಲ್ಲಿ ಲಿಫ್ಟೇ ಇಲ್ಲ, ಮೇಲ್ಮಹಡಿಯೂ ಇಲ್ಲ. ಆದರೂ ಪ್ರಯತ್ನ ಮಾಡುತ್ತೇವೆ ಅಂದಿದ್ದಾರೆ.

ಸಂಜೆ ಐದಕ್ಕೆ ಐದು ನಿಮಿಷ ಇರುವಾಗ ಲಮ್ಲೂಮ್ ಚಿಕ್ಕಪ್ಪನೂ ಬಂದು ತಫೀದಾಳ ಆರೋಗ್ಯ ವಿಚಾರಿಸಿದ. ಬಗ್ಗಿದಾಗ ಕೊರಳಿನ ಬೀಗದ ಕೈ ಅವಳ ಮುಖದ ಮುಂದೆಯೇ ತೂಗಾಡಿತು.

“ಏನಿದು?” ಅಂದಳು.

“ಲಿಫ್ಟಿನ ಬೀಗದ ಕೈ, ಹಾಜ್ಜಾ.”

ತಫೀದಾ ಅದನ್ನು ಬೆರಳಲ್ಲಿ ಹಿಡಿದು, ಹೊಸ ಕಣ್ಣಿನ ಹತ್ತಿರ ತಂದು ನೋಡಿದಳು. “ಎಷ್ಟು ಚೆನ್ನಾಗಿ ಹೊಳೀತಾ ಇದೆ. ದಿನಾ ಒರೆಸ್ತೀಯಾ?”

“ದಿನಾ ಒರೆಸ್ತೀನಿ. ಸರ್ಕಾರದ್ದಲ್ವಾ.”

“ಜೋಪಾನ,” ಅಂದು ಅವಳು ಅದನ್ನು ಬಿಟ್ಟಳು.

ಗಂಟೆ ಹೊಡೆಯಿತು. ನಾನು ಖಾಲಿ ತಟ್ಟೆಗಳನ್ನು ಎತ್ತಿಕೊಂಡು, ಮೂರು ಮಹಡಿ ಇಳಿದು, ಎರಡು ಹೆಜ್ಜೆಗೆ ರಸ್ತೆಗೆ ಬಂದೆ. ಮಂಡಿ ಸ್ವಲ್ಪ ನೋಯುತ್ತಿತ್ತು.